ಪೆಟ್ಟಿಗೆ ತೆರೆಯುವ ತನಕ ಚಹಾ ಮುಟ್ಟದವರು

ಈಚೆಗೆ ಕೂಡ್ಲಿಗಿಯಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಹೋಗಬಾರದು ಅಂದುಕೊಂಡಿದ್ದೆ, ಆದರೂ ಹೋದೆ. ವೇದಿಕೆಯ ಮೇಲೆ ಅವರ ಫೋಟೋ, ಫೋಟೋಕ್ಕೆ ಹಡಗಲಿ ಮಲ್ಲಿಗೆಯ ದಪ್ಪ ಹಾರ. ಪಕ್ಕದ ಮೇಜಿಗೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಒಂದು ಪಾರದರ್ಶಕ ಪೆಟ್ಟಿಗೆ ಇಟ್ಟಿದ್ದರು. ಪೆಟ್ಟಿಗೆಗೆ ಬೀಗ. ಒಳಗೆ ಕೆಂಪು ಬಣ್ಣದ ಪ್ಲಾಸ್ಟಿಕ್ ಬಸ್ಸು. ಪಕ್ಕದಲ್ಲಿ ಕೀಲಿಕೈಗಳ ಗೊಂಚಲು. ಪೆಟ್ಟಿಗೆಗೂ ಒಂದು ಸಣ್ಣ ಹಾರ ಹಾಕಿದ್ದರು. ಫೋಟೋದ ಹಾರವನ್ನಾದರೂ ಸಹಿಸಿಕೊಂಡೇನು, ಆ ಪೆಟ್ಟಿಗೆಯ ಹಾರ ನೋಡಿ ನನ್ನ ಮೈಯೆಲ್ಲ ಉರಿಯಿತು.

ಅವರನ್ನು ಕೆಲಸದಿಂದ ಓಡಿಸಿದ ಸಂಸ್ಥೆಯೇ ಆ ಸಭೆಯನ್ನು ಏರ್ಪಡಿಸಿತ್ತು. ಓಡಿಸಿದ ನಿರ್ದೇಶಕರೇ ಮೊದಲು ಮೈಕು ಹಿಡಿದರು. ಸ್ವಲ್ಪ ಮುಂಗೋಪಿ, ಆದರೆ ಬಂಗಾರದಂಥ ಮನಸ್ಸು ಅಂದರು. ಬದುಕಿದ್ದಷ್ಟು ದಿನ ಇವರಿಗೆ ಆ ಮುಂಗೋಪ ಮಾತ್ರ ಕಂಡಿತ್ತು. ಬಂಗಾರ ಎಲ್ಲಿಂದ ಬಂತೋ, ಸತ್ತ ಮೇಲೆ ಸಿಕ್ಕಿತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಕ್ಕಳ ಹೆಸರನ್ನು ಎಲ್ಲೂ ಬರೆಯಬಾರದು ಅಂತ ನಮಗೆ ಕಟ್ಟುನಿಟ್ಟು ಮಾಡಿದವರು ಅವರು. ಮಕ್ಕಳ ಹೆಸರಿಲ್ಲದ ಕಡೆ ತನ್ನ ಹೆಸರು ಯಾಕೆ ಬೇಕು ಎನ್ನುತ್ತಿದ್ದರು. ಹಳ್ಳಿಗಳಲ್ಲಿ ಶಾಲೆ ಟೀಚರಮ್ಮಂದಿರನ್ನು ಕರೆಯುವ ಹಾಗೆ ಅವರನ್ನೂ ಅಕ್ಕೋರು ಎಂದೇ ಕರೆಯುತ್ತಿದ್ದರು. ನಮಗೂ ಅದೇ ರೂಢಿಯಾಯಿತು.

ನಾನಾಗ ಬಿ.ಎ. ಮುಗಿಸಿ ಹೊಳಲಿನ ಮನೆಯಲ್ಲಿ ಬಂದ ಗಂಡುಗಳ ಮುಂದೆಲ್ಲ ಅವಲಕ್ಕಿ ತಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದವಳು. ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಗೆ ಮನೆಮನೆ ತಿರುಗುವ ಹುಡುಗಿಯರು ಬೇಕಂತೆ ಅಂತ ಯಾರೋ ಹೇಳಿದರು. ಹೋದೆ. ಹಗರಿಬೊಮ್ಮನಹಳ್ಳಿಯ ಬಾಡಿಗೆ ಮನೆಯೊಂದರಲ್ಲಿ ಅವರ ಆಫೀಸು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಊರುಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತಿದ್ದವು. ಸಂದರ್ಶನ ಮಾಡಿದವರು ಅಕ್ಕೋರು. ಕುಳ್ಳನೆಯ, ಗಟ್ಟಿ ಮೈಕಟ್ಟಿನ ಹೆಂಗಸು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು. ಹುಡುಕುತ್ತಲೇ ನನಗೆ ಒಂದೇ ಪ್ರಶ್ನೆ ಕೇಳಿದರು. ಮಗುವೊಂದು ನಿನ್ನ ಹತ್ತಿರ ಬರಲು ಒಲ್ಲೆ ಎಂದರೆ ಏನು ಮಾಡುತ್ತೀ? ಚಾಕಲೇಟು ಕೊಟ್ಟು ಕರೆಯುತ್ತೇನೆ ಅಂದೆ. ಅವರಿಗೆ ಸಿಟ್ಟು ಬಂತು. ಒಲ್ಲೆ ಎಂದದ್ದು ಒಲ್ಲೆಯೇ, ಅದಕ್ಕೆ ಚಾಕಲೇಟು ಕೊಟ್ಟು ಅದರ ಬಾಯಿ ಮುಚ್ಚಿಸಬೇಡ ಅಂದರು. ಬೈದು ಮುಗಿಸಿ ಕೆಲಸ ಕೊಟ್ಟರು.

ಸಂಶೋಧನೆ ಏನೆಂದರೆ, ನಾಲ್ಕು ವರ್ಷದ ಆಸುಪಾಸಿನ ಮಕ್ಕಳು ಬೇಸರವಾದಾಗ, ಸೋತಾಗ ಏನು ಮಾಡುತ್ತವೆ, ಯಾರನ್ನು ಕರೆಯುತ್ತವೆ, ಎಷ್ಟು ಹೊತ್ತು ಹಟ ಬಿಡುವುದಿಲ್ಲ ಎಂಬುದನ್ನು ನೋಡುವುದು. ಅದಕ್ಕಾಗಿಯೇ ಆ ಪೆಟ್ಟಿಗೆ. ಒಳಗಿನ ಬಸ್ಸು ಮಗುವಿಗೆ ಚೆನ್ನಾಗಿ ಕಾಣುತ್ತದೆ. ಬೀಗಕ್ಕೆ ಹಾಕಿ ನೋಡು ಅಂತ ಕೈಗೊಂದು ಗೊಂಚಲು ಕೊಡುತ್ತೇವೆ. ಆ ಗೊಂಚಲಿನ ಒಂದು ಕೀಲಿಕೈಯೂ ಆ ಬೀಗಕ್ಕೆ ಹತ್ತುವುದಿಲ್ಲ. ಮಗು ಒದ್ದಾಡುವುದನ್ನು ಕ್ಯಾಮೆರಾದಲ್ಲಿ ಹಿಡಿದುಕೊಳ್ಳುತ್ತೇವೆ. ಆಮೇಲೆ, ಅಯ್ಯೋ, ನಾವೇ ತಪ್ಪು ಕೀಲಿಕೈ ಕೊಟ್ಟಿದ್ದೆವು ಅಂತ ಹೇಳಿ ಸರಿಯಾದದ್ದನ್ನು ಅದರ ಕೈಗೆ ಕೊಡಬೇಕು. ಮಗು ತಾನೇ ಬೀಗ ತೆಗೆಯಬೇಕು, ಬಸ್ಸು ಅದರ ಕೈಗೆ ಬರಬೇಕು. ಇಷ್ಟಾದರೇ ಒಂದು ಮಗುವಿನ ಕೆಲಸ ಮುಗಿದ ಹಾಗೆ. ದೊಡ್ಡ ಊರಿನ ಎಥಿಕ್ಸ್ ಕಮಿಟಿ ಈ ಸಂಶೋಧನೆಗೆ ಒಪ್ಪಿಗೆ ಕೊಟ್ಟದ್ದೂ ಈ ಕೊನೆಯ ಮಾತನ್ನು ನಂಬಿಯೇ.

ಸರಿಯಾದ ಆ ಕೀಲಿಕೈಯನ್ನು ಅಕ್ಕೋರು ಕಪ್ಪು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದರು. ಬ್ಯಾಗು ಕಳೆಯಬಹುದು, ಜೀಪು ಕೆಟ್ಟು ನಿಲ್ಲಬಹುದು, ಕೊರಳಂತೂ ನನ್ನ ಜೊತೆಗೇ ಇರುತ್ತದಲ್ಲ ಎನ್ನುತ್ತಿದ್ದರು. ಮದುವೆಯಾಗದ ಹೆಂಗಸು, ಕೊರಳಲ್ಲಿ ಕಪ್ಪು ದಾರ. ಯಾವ ದೇವರ ತಾಯಿತ ಅಂತ ಹಳ್ಳಿ ಹೆಂಗಸರು ಕೇಳುತ್ತಿದ್ದರು. ಅವರ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿರಲಿಲ್ಲ. ಮಕ್ಕಳ ದೇವರು ಅಂತ ಹೇಳಿ ನಕ್ಕು ಮುಂದೆ ಹೋಗುತ್ತಿದ್ದರು.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಆ ಕ್ರಮ ತಪ್ಪಿದರೆ ನಮ್ಮನ್ನು ನಡುಬೀದಿಯಲ್ಲೇ ಬೈಯುತ್ತಿದ್ದರು. ನಮ್ಮ ಸೀಮೆಯಲ್ಲಿ ಹೊಸಬರು ಬಾಗಿಲಿಗೆ ಬಂದರೆ ಮೊದಲು ಒಳಗೆ ಕರೆದು, ಚಾಪೆ ಹಾಸಿ, ಚಹಾಕ್ಕೆ ಇಡುತ್ತಾರೆ. ಚಹಾ ಕುಡಿದವರು ಆ ಮನೆಯ ನಂಟರಾದ ಹಾಗೆ. ನಂಟರು ಏನಾದರೂ ಕೇಳಿದರೆ ಒಲ್ಲೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅರ್ಧ ಮಾತು ಕೇಳುವಷ್ಟರಲ್ಲೇ ಹೆಬ್ಬೆಟ್ಟು ಮುಂದೆ ಚಾಚುತ್ತಾರೆ. ಬೇರೆ ಪ್ರಾಜೆಕ್ಟುಗಳವರಿಗೆ ಇದೇ ದೊಡ್ಡ ಅನುಕೂಲ. ಚಹಾ ಕುಡಿ, ಸಹಿ ತಗೋ, ಹೊರಡು. ಅಕ್ಕೋರು ಹಾಗೆ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಅಂತ ಒಪ್ಪುತ್ತಲೇ ಇರಲಿಲ್ಲ. ಅದು ಮರ್ಯಾದೆಗೆ ಕೊಟ್ಟದ್ದು, ಮಗುವಿಗಾಗಿ ಕೊಟ್ಟದ್ದಲ್ಲ ಎನ್ನುತ್ತಿದ್ದರು.

ಹಾಗಾಗಿ ಅವರು ಬಾಗಿಲ ಹೊರಗೇ ನಿಲ್ಲುತ್ತಿದ್ದರು. ತಾಯಿ ಹೊರಗೆ ಬರಬೇಕು. ಅಜ್ಜಿ ಇದ್ದರೆ ಅಜ್ಜಿಯೂ ಬರಬೇಕು. ಪ್ರತಿ ಮನೆಯಲ್ಲೂ ಇದೇ ಮಾತು, ಇದೇ ಧಾಟಿ:

“ನೋಡವ್ವಾ, ನಿನ್ನ ಮಗೂಗ ಒಂದ್ ಪೆಟ್ಟಿಗಿ ಕೊಡ್ತೀವಿ. ನಾವ್ ಕೊಡೋ ಕೀಲಿಕೈ ಅದಕ್ಕ ಹತ್ತಂಗಿಲ್ಲ. ಮಗಾ ಅಳಬಹುದು, ಸಿಟ್ಟಾಗಬಹುದು. ಕಡೀಗೆ ಹತ್ತೋ ಕೀಲಿಕೈ ನಾವಾ ಕೊಡ್ತೀವಿ, ತಾನಾ ತೆಗೀತತಿ. ಒಲ್ಲೆ ಅಂದ್ರ ನಮಗೇನೂ ಬ್ಯಾಸರಿಲ್ಲ. ಇವತ್ತ ಹೇಳಬ್ಯಾಡ. ಮನ್ಯಾಗ ಮಾತಾಡ್ಕ್ಯಾ, ನಾಳಿ ಬರ್ತೀನಿ.”

ಮರುದಿನ ಹೋಗಿ, ಹೂಂ ಎಂದರೆ ಕೂರುವುದು. ಮಗು ಪೆಟ್ಟಿಗೆ ತೆರೆದು, ಬಸ್ಸು ಹಿಡಿದು ಅಂಗಳಕ್ಕೆ ಓಡಿದ ಮೇಲೆ ಚಹಾ. ಅದಕ್ಕೂ ಮೊದಲು ಏನೂ ಇಲ್ಲ, ನೀರು ಕೂಡ ನಮ್ಮದೇ ಬಾಟಲಿಯದು.

ಇದರಿಂದ ಅವರು ಎಷ್ಟು ಜನರ ಮಾತು ಕೇಳಬೇಕಾಯಿತೋ. ನೀಲಗುಂದದ ಹತ್ತಿರ ಒಂದು ದೊಡ್ಡ ಮನೆಯ ಯಜಮಾನ, ನಮ್ಮ ಮನೆ ಚಹಾ ನಿಮಗೆ ಸೇರುವುದಿಲ್ಲವೇನು ಅಂತ ಸಿಡುಕಿದ. ಇಲ್ಲ ಅಪ್ಪಾಜಿ, ಕೆಲಸ ಮುಗಿಯಲಿ, ಕುಡಿದೇ ಹೋಗುತ್ತೇವೆ ಅಂದರು. ಅವರ ಮೊಮ್ಮಗಳು ಪೆಟ್ಟಿಗೆ ತೆಗೆದು ಚಪ್ಪಾಳೆ ತಟ್ಟಿದ ಮೇಲೆ ಚಹಾ ಬಂತು. ನನಗೂ ಡ್ರೈವರನಿಗೂ ಸ್ಟೀಲಿನ ಲೋಟದಲ್ಲಿ. ಅಕ್ಕೋರಿಗೆ ಕಾಗದದ ಕಪ್ಪಿನಲ್ಲಿ. ಅಷ್ಟರೊಳಗೆ ಯಾರೋ ಅವರ ಮನೆತನ ಯಾವುದೆಂದು ವಿಚಾರಿಸಿಕೊಂಡು ಬಂದಿದ್ದರು. ಲೋಟ ಕೆಳಗಿಟ್ಟು ಎದ್ದುಬಿಡೋಣ ಅನ್ನಿಸಿತು. ಅಕ್ಕೋರು ಕಣ್ಣಿನಲ್ಲೇ ಬೇಡ ಅಂದರು. ಪೂರ್ತಿ ಕುಡಿದು, ಕಪ್ಪು ಮಡಚಿ ತಮ್ಮ ಬ್ಯಾಗಿನೊಳಗೆ ಹಾಕಿಕೊಂಡರು. ಜೀಪು ಊರು ದಾಟಿದ ಮೇಲೆ, “ಆ ಹುಡುಗಿ ಮುಂದ ಜಗಳಾಡ್ಬಾರದಿತ್ತು ಬಿಡು. ಇವತ್ತ ಆಕಿ ಗೆದ್ದಾಳ” ಅಂದರು.

ಅವರಿಗೆ ಈ ಸಿಟ್ಟು ಎಲ್ಲಿಂದ ಬಂತು ಅಂತ ಒಮ್ಮೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೇಳಿದ್ದೆ. ಅವರಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಅಕ್ಕೋರು ಓದಿದ್ದೆಲ್ಲ ಹಾಸ್ಟೆಲಿನಲ್ಲಿ. ಅಲ್ಲಿಗೆ ಆಗಾಗ ಯಾರೋ ಬಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎತ್ತರ, ತೂಕ, ತೋಳಿನ ಸುತ್ತಳತೆ ಬರೆದುಕೊಳ್ಳುತ್ತಿದ್ದರಂತೆ. ಮನೆಯಲ್ಲಿ ಹೊಡೆಯುತ್ತಾರಾ, ಊಟ ಎಷ್ಟು ಸಲ ಅಂತ ಕೇಳಿ ಹೋಗುತ್ತಿದ್ದರಂತೆ. ತನ್ನ ತೂಕ ಎಷ್ಟು ಅಂತ ಒಂದು ಸಲ ಇವರು ಕೇಳಿದ್ದಕ್ಕೆ, ಅದು ನಿನಗೆ ಯಾಕೆ ಅಂದರಂತೆ. “ನನ್ನ ಮೈ ತೂಕ ಅವರಿಗೆ ಬೇಕಿತ್ತು, ನನಗ ಬ್ಯಾಡಾಗಿತ್ತಂತ” ಅಂದು ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಕಚ್ಚಿದರು. ಮಕ್ಕಳ ವಿಷಯವನ್ನೇ ಓದಬೇಕು ಅಂತ ಅವರು ಮನಸ್ಸು ಮಾಡಿದ್ದು ಆವತ್ತು.

ಇಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬೇರೆ ಥರ ಬರೆಯುತ್ತಿದ್ದೆ. ಒಳ್ಳೆಯವರು, ಶಿಸ್ತಿನವರು, ಹೋಗಿಬಿಟ್ಟರು ಅಂತ ಕಣ್ಣೊರೆಸಿಕೊಂಡು ಮುಗಿಸುತ್ತಿದ್ದೆ.

ಪ್ರಾಜೆಕ್ಟಿಗೆ ದುಡ್ಡು ಕೊಡುತ್ತಿದ್ದದ್ದು ಮಕ್ಕಳ ಆಟಿಕೆಗಳನ್ನೂ ಮೊಬೈಲಿನಲ್ಲಿ ಕಲಿಸುವ ಪಾಠಗಳನ್ನೂ ಮಾರುವ ಒಂದು ಕಂಪನಿ. ಮಕ್ಕಳು ಯಾವಾಗ ಬೇಸತ್ತು ಆಟ ಬಿಡುತ್ತವೆ ಎಂಬುದು ಅವರಿಗೆ ಬೇಕಿತ್ತು. ಬೇಕಾಗಿದ್ದರೆ ತಪ್ಪಲ್ಲ, ಕೇಳಿ ತಿಳಿದುಕೊಳ್ಳಲಿ. ಒಂದು ದಿನ ಆ ಕಂಪನಿಯವರು ಎಸಿ ಕಾರಿನಲ್ಲಿ ಬಂದು ನಮ್ಮ ಜೊತೆ ಒಂದು ಬೆಳಗ್ಗೆ ತಿರುಗಿದರು. ಬಾಗಿಲ ಹೊರಗೆ ನಿಂತು ಮಾತಾಡುವುದು, ಮರುದಿನ ಮತ್ತೆ ಹೋಗುವುದು, ಮಗು ಬೀಗ ತೆಗೆಯುವ ತನಕ ಕೂರುವುದು, ಇದೆಲ್ಲ ನೋಡಿ ಗಡಿಯಾರ ನೋಡಿಕೊಂಡರು. ಇಷ್ಟು ನಿಧಾನವಾದರೆ ಮುಂದಿನ ಕಂತು ಕಷ್ಟ ಅಂದರಂತೆ. ಮರುವಾರವೇ ನಿರ್ದೇಶಕರು ದೊಡ್ಡ ಊರಿನಿಂದ ಬಂದು ಮೀಟಿಂಗ್ ಕರೆದರು. ಇನ್ನು ಮುಂದೆ ಹೋದ ದಿನವೇ ಒಪ್ಪಿಗೆ, ಹೋದ ದಿನವೇ ಪರೀಕ್ಷೆ, ಕ್ಯಾಮೆರಾ ನಿಲ್ಲಿಸಿದ ಕೂಡಲೇ ಮುಂದಿನ ಮನೆ. ಕೊನೆಗೆ ಕೀಲಿಕೈ ಕೊಡುವುದು ಬೇಡ. ಮುಂದಿನ ವರ್ಷ ಇದೇ ಮಕ್ಕಳಿಗೆ ಇದೇ ಪೆಟ್ಟಿಗೆ ಮತ್ತೆ ತೋರಿಸುವುದಿದೆ, ಗುಟ್ಟು ಗೊತ್ತಾದರೆ ಡೇಟಾ ಕೆಡುತ್ತದೆ ಎಂಬುದು ಇನ್ನೊಂದು ನೆಪ.

ಅಕ್ಕೋರು ಎದ್ದು ನಿಂತರು. ಅವರು ಸಿಟ್ಟಿನಲ್ಲಿದ್ದಾಗ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸುತ್ತಿದ್ದರು. ನಮಗೆಲ್ಲ ಅದು ಗೊತ್ತಿತ್ತು, ನಾವು ಕುರ್ಚಿ ಹಿಂದಕ್ಕೆ ಸರಿಸಿಕೊಂಡೆವು.

“ಕಮಿಟಿಗೆ ಬರೆದುಕೊಟ್ಟದ್ದರಲ್ಲಿ ಮಗೂಗ ಕೀಲಿಕೈ ಕೊಡ್ತೀವಿ ಅಂತ ಐತಿ ಸರ್.”

“ಇರಲಿ ಮೇಡಂ. ಅದು ಕಾಗದ. ಪೆಟ್ಟಿಗೆ ತೆರೆಸೋದು ಡೇಟಾ ಅಲ್ಲ. ಡೇಟಾ ಅಲ್ಲದ್ದಕ್ಕೆ ಫಂಡ್ ಬರೋದಿಲ್ಲ. ಅದಕ್ಕೆ ಖರ್ಚಿನ ಬಾಬತ್ತೇ ಇಲ್ಲ.”

“ಹಂಗಾರ ಮಗಾ ಅಳಾದಕ್ಕ ರೊಕ್ಕ ಐತಿ, ನಗಾದಕ್ಕ ಇಲ್ಲ ಅನ್ರಿ.”

ನಿರ್ದೇಶಕರು ನಕ್ಕುಬಿಟ್ಟರು. ಭಾವುಕರಾಗಬೇಡಿ ಅಂದರು. ನಮ್ಮ ದೇಶದಲ್ಲಿ ಇದೊಂದು ಒಳ್ಳೆಯ ಉಪಾಯ. ಯಾರಾದರೂ ನ್ಯಾಯದ ಮಾತು ಎತ್ತಿದರೆ, ಅದರಲ್ಲೂ ಹೆಂಗಸರು ಎತ್ತಿದರೆ, ಭಾವುಕರಾಗಬೇಡಿ ಅಂದರೆ ಸಾಕು, ಮಾತು ಅಲ್ಲಿಗೇ ಮುಗಿಯುತ್ತದೆ.

ಅಕ್ಕೋರು ಕಮಿಟಿಗೆ ಬರೆದರು. ಕಮಿಟಿಯವರು ಆ ದೂರನ್ನು ವಿವರಣೆಗಾಗಿ ಯಾರಿಗೆ ಕಳಿಸಿದರು ಅಂದುಕೊಂಡಿರಿ? ನಿರ್ದೇಶಕರಿಗೇ. ಅವರು ಎಲ್ಲವೂ ನಿಯಮದ ಪ್ರಕಾರವೇ ನಡೆಯುತ್ತಿದೆ ಎಂದು ವಿವರಣೆ ಕೊಟ್ಟರು. ಕಮಿಟಿಗೆ ಸಮಾಧಾನವಾಯಿತು. ಆ ಕಮಿಟಿಯ ಒಬ್ಬರಾದರೂ ಒಂದು ದಿನ ಬಂದು ಒಂದು ಮನೆಯ ಅಂಗಳದಲ್ಲಿ ನಿಂತು ನೋಡಿದ್ದರೆ ಸಾಕಿತ್ತು. ಒಬ್ಬರೂ ಬರಲಿಲ್ಲ.

ಅಕ್ಕೋರ ಗುಂಪಿನಲ್ಲಿ ನಾವು ಹಳೆಯ ಕ್ರಮವನ್ನು ಬಿಡಲಿಲ್ಲ, ಬಿಡಲು ಅವರು ಬಿಡಬೇಕಲ್ಲ. ಇನ್ನೊಂದು ಗುಂಪಿಗೆ ಹೊಸ ಪೆಟ್ಟಿಗೆ, ಹೊಸ ಕ್ಯಾಮೆರಾ ಕೊಟ್ಟರು. ಸರಿಯಾದ ಕೀಲಿಕೈ ಕೊಡಲಿಲ್ಲ. ಆ ಗುಂಪಿನವರು ಊರೂರು ಬೇಗಬೇಗ ಮುಗಿಸಿದರು. ಅವರು ಬಂದು ಹೋದ ಮನೆಗಳಲ್ಲಿ ಮಕ್ಕಳು ಅಳುತ್ತ ಉಳಿದವು. ಅಳು ನಿಲ್ಲುತ್ತದೆ, ಮಕ್ಕಳು ಮರೆಯುತ್ತವೆ ಅಂತ ನಾವೂ ಅಂದುಕೊಂಡಿದ್ದೆವು. ಮರೆಯದವರು ದೊಡ್ಡವರು ಎಂಬುದು ಆಗ ನಮಗೆ ತಿಳಿದಿರಲಿಲ್ಲ.

ಅದು ತಿಳಿದದ್ದು ಹಂಪಸಾಗರದ ಆಚೆಯ ಒಂದು ಹಳ್ಳಿಯಲ್ಲಿ. ಬೇರೆ ಕೆಲಸಕ್ಕೆ ಹೋಗಿದ್ದ ನಾವು ಬಸ್ಸಿಗೆ ಕಾಯುತ್ತಿದ್ದೆವು. ಒಬ್ಬ ಅಜ್ಜಿ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದು ಅಕ್ಕೋರ ಮುಂದೆ ನಿಂತಳು.

“ಅಕ್ಕೋರ, ಈ ಕೂಸಿಗೆ ಏನಾರ ಔಷಧಿ ಐತೇನ್ರಿ? ನಿಮ್ಮೋರು ಬಂದು ಪರೀಕ್ಷಿ ಮಾಡಿದ್ರಲ್ಲ, ಆವಾಗ್ಲೆ ಗೊತ್ತಾತು ಇದಕ್ಕ ಬುದ್ಧಿ ಕಡಿಮಿ ಐತಂತ.”

ಅಕ್ಕೋರು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ವಿಷಯ ಇಷ್ಟು. ಇನ್ನೊಂದು ಗುಂಪಿನವರು ಹೋದ ಮೇಲೆ ಆ ಮನೆಯವರಿಗೆ ಉಳಿದ ನೆನಪು ಒಂದೇ: ದೊಡ್ಡ ಆಫೀಸಿನವರು ಬಂದರು, ಬೀಗ ತೆಗಿ ಅಂದರು, ನಮ್ಮ ಹುಡುಗಿಗೆ ಬರಲಿಲ್ಲ, ಅವರು ಏನೂ ಹೇಳದೆ ಬರೆದುಕೊಂಡು ಹೋದರು. ಅಪ್ಪ ಅವತ್ತೇ ಲೆಕ್ಕ ಹಾಕಿದ್ದ. ಇದಕ್ಕೆ ಓದು ಹತ್ತುವುದಿಲ್ಲ. ಇದ್ದ ರೊಕ್ಕವನ್ನು ಹಿಂದೆ ಹುಟ್ಟಿದ ಗಂಡುಮಗನಿಗೆ ಹಾಕೋಣ, ಅವನನ್ನು ಕಾನ್ವೆಂಟಿಗೆ ಕಳಿಸೋಣ. ಹುಡುಗಿಯ ಮುಂದೆಯೇ ಇದೆಲ್ಲ ಮಾತು. ಹುಡುಗಿ ಅಜ್ಜಿಯ ಸೆರಗು ಬಾಯಿಗಿಟ್ಟುಕೊಂಡು ನಮ್ಮನ್ನೇ ನೋಡುತ್ತಿತ್ತು.

ಅಕ್ಕೋರು ಅಜ್ಜಿಯ ಕೈ ಹಿಡಿದುಕೊಂಡು ತಿಳಿಸಿ ಹೇಳಿದರು. ಕೊಟ್ಟದ್ದೇ ತಪ್ಪು ಕೀಲಿಕೈ, ನಾನಾದರೂ ನೀನಾದರೂ ತೆಗೆಯಲು ಆಗುತ್ತಿರಲಿಲ್ಲ, ಕೂಸು ಜಾಣೆ ಇದ್ದಾಳೆ ಅಂತ. ಅಜ್ಜಿ ನಂಬಲಿಲ್ಲ. ನಮ್ಮ ಕಡೆಯ ಜನ ಒಬ್ಬರನ್ನು ದೊಡ್ಡವರು ಅಂತ ಒಪ್ಪಿಕೊಂಡರೆ, ಅವರು ಬೇಕೆಂದೇ ತಪ್ಪು ಮಾಡುತ್ತಾರೆ ಎಂಬುದು ಅವರ ತಲೆಗೆ ಹೋಗುವುದೇ ಇಲ್ಲ.

“ಅಷ್ಟು ಓದಿದೋರು ಇಷ್ಟುದ್ದ ಕೂಸಿಗೆ ಸುಳ್ಳು ಕೀಲಿಕೈ ಯಾಕ ಕೊಡ್ತಾರ್ರಿ? ನಮ್ಮ ಸಮಾಧಾನಕ್ಕ ಹೇಳ್ತೀರಿ, ಇರ್ಲಿ ಬಿಡ್ರಿ.”

ಅವತ್ತು ನಮ್ಮ ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ. ಇದ್ದಿದ್ದರೆ ಬಾಯಿಮಾತೇ ಬೇಕಿರಲಿಲ್ಲ. ಬರುವ ದಾರಿಯಲ್ಲಿ ಅಕ್ಕೋರು ಬಸ್ಸಿನ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕುಳಿತಿದ್ದರು. ಅಳುತ್ತಿದ್ದಾರೆ ಅಂದುಕೊಂಡೆ. ಮುಖ ಎತ್ತಿದಾಗ ನೋಡಿದರೆ ಅಳು ಅಲ್ಲ. ಅಂಥ ಕೋಪವನ್ನು ನಾನು ಅವರ ಮುಖದಲ್ಲಿ ಹಿಂದೆಂದೂ ನೋಡಿರಲಿಲ್ಲ.

ಮರುದಿನ ಆಫೀಸಿಗೆ ಹೋಗಿ, ಬಿಟ್ಟುಬಂದ ಮನೆಗಳಿಗೆಲ್ಲ ಮತ್ತೆ ಹೋಗಿ ಪೆಟ್ಟಿಗೆ ತೆರೆಸಬೇಕು ಅಂದರು. ಆಫೀಸಿನವರು ಜೀಪು ಕೊಡುವುದಿಲ್ಲ ಅಂದರು. ಬೇಡ, ಬಸ್ಸಿನಲ್ಲಿ ಹೋಗುತ್ತೇನೆ, ಭಾನುವಾರ ಹೋಗುತ್ತೇನೆ ಅಂದರು. ಹಾಗೇ ಹೋದರು ಕೂಡ. ಎರಡನೇ ಭಾನುವಾರದೊಳಗೆ ಸುದ್ದಿ ಮೇಲಕ್ಕೆ ಮುಟ್ಟಿತು. ಸಂಸ್ಥೆಯ ಪೆಟ್ಟಿಗೆಯನ್ನು ಅನುಮತಿಯಿಲ್ಲದೆ ಒಯ್ದಿದ್ದಾರೆ, ಡೇಟಾ ಹಾಳು ಮಾಡುತ್ತಿದ್ದಾರೆ ಅಂತ ಆರೋಪ. ಒಂದು ಕೆಂಪು ಬಸ್ಸಿಗಾಗಿ ಅವರ ಮೇಲೆ ಕಳವಿನ ಮಾತು ಬಂತು. ಅವರ ಒಪ್ಪಂದವನ್ನು ಅಲ್ಲಿಗೇ ಮುಗಿಸಿದರು. ಪೆಟ್ಟಿಗೆ ವಾಪಸ್ ತೆಗೆದುಕೊಂಡರು, ಕ್ಯಾಮೆರಾ, ಗುರುತಿನ ಚೀಟಿ, ಬ್ಯಾಗು ಕೂಡ ತೆಗೆದುಕೊಂಡರು. ಕೊರಳಲ್ಲಿದ್ದ ಕೀಲಿಕೈಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಅವರಿಗೆ ಬೇಕಾಗಿರಲೇ ಇಲ್ಲ.

ಕೊಟ್ಟೂರಿನಲ್ಲಿ ಬೀಗ ರಿಪೇರಿ ಮಾಡುವ ಸಾಬರೊಬ್ಬರು ಅಕ್ಕೋರಿಗೆ ಪರಿಚಯ. ಅವರ ಹತ್ತಿರ ಹೋಗಿ ಆ ಕೀಲಿಕೈಗೆ ಹೊಂದುವ ಬೀಗ ಹಾಕಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯದೊಂದು ಪೆಟ್ಟಿಗೆ ಮಾಡಿಸಿಕೊಂಡರು. ಸಂತೆಯಲ್ಲಿ ಹುಡುಕಿ ಅಂಥದೇ ಕೆಂಪು ಬಸ್ಸು ತಂದರು. ಸಾಬರು ಇದು ಯಾತಕ್ಕೆ ಅಂತ ಕೇಳಿ, ಕಥೆಯನ್ನೆಲ್ಲ ಕೇಳಿದ ಮೇಲೆ, “ನಾವು ದಿನಾ ಬೀಗ ತೆಗ್ದು ಕೊಡ್ತೀವಿ ಅಕ್ಕಾ. ಹಾಕಿ ಓಡಿಹೋಗೋ ಕೆಲಸ ಇವತ್ತೇ ಕೇಳಿದ್ದು” ಅಂದರಂತೆ. ಇದನ್ನು ಹೇಳಿ ಅಕ್ಕೋರು ಬಹಳ ದಿನಗಳ ಮೇಲೆ ನಕ್ಕಿದ್ದರು.

ಆಮೇಲೆ ಅವರು ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಸಂಬಳಕ್ಕೆ ಪಾಠ ಮಾಡಿದರು. ಭಾನುವಾರಗಳಲ್ಲಿ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರೂರು ತಿರುಗಿದರು. ನಾನೂ ಅಷ್ಟರಲ್ಲಿ ಕೆಲಸ ಬಿಟ್ಟು ಬಿ.ಎಡ್. ಸೇರಿದ್ದೆ, ರಜೆಯಲ್ಲಿ ಜೊತೆಗೆ ಹೋಗುತ್ತಿದ್ದೆ. ಅದೇ ಕ್ರಮ. ಬಾಗಿಲ ಹೊರಗೆ ಮಾತು, ಪೆಟ್ಟಿಗೆ, ಆಮೇಲೆ ಚಹಾ. ಕೆಲವು ಮನೆಯವರು ಬೈದು ಕಳಿಸಿದರು. ಮತ್ತೆ ಯಾವ ಪರೀಕ್ಷೆ ತಂದಿರಿ ಅಂತ ನಾಯಿ ಬಿಡಲು ಬಂದವರೂ ಉಂಟು. ಅವರ ಸಿಟ್ಟು ಸರಿ ಇದೆ ಅನ್ನುತ್ತ ಅಕ್ಕೋರು ಮುಂದಿನ ತಿಂಗಳು ಮತ್ತೆ ಅದೇ ಮನೆಗೆ ಹೋಗುತ್ತಿದ್ದರು. ಪ್ರೀತಿಯಿಂದ ಮಾಡಿದ್ದು ಅಂತ ನೀವು ಅಂದುಕೊಂಡರೆ ತಪ್ಪು. ಅವರು ಮಾಡಿದ್ದೆಲ್ಲ ರೋಷದಿಂದ. ಪ್ರೀತಿಯಿದ್ದವರು ಯಾವತ್ತೋ ದಣಿದು ಮನೆಯಲ್ಲಿ ಕೂರುತ್ತಿದ್ದರು.

ಈ ನಡುವೆ ಸಂಸ್ಥೆಯ ಪ್ರಬಂಧ ಹೊರಗೆ ಬಂತು. ಅದರಲ್ಲಿ ಒಂದು ವಾಕ್ಯವಿತ್ತು. ಪರೀಕ್ಷೆಯ ಕೊನೆಯಲ್ಲಿ ಪ್ರತಿಯೊಂದು ಮಗುವಿಗೂ ಸರಿಯಾದ ಕೀಲಿಕೈ ಕೊಟ್ಟು ಪೆಟ್ಟಿಗೆ ತೆರೆಸಲಾಯಿತು ಎಂದು. ಆ ವಾಕ್ಯಕ್ಕೆ ಯಾರಿಗೂ ಶಿಕ್ಷೆ ಆಗಲಿಲ್ಲ. ನಿರ್ದೇಶಕರು ಅದನ್ನು ಹಿಡಿದುಕೊಂಡು ದೇಶ ವಿದೇಶ ತಿರುಗಿ ಬಂದರು. ನಾನು ಮೊಬೈಲಿನಲ್ಲಿ ತೋರಿಸಿದಾಗ ಅಕ್ಕೋರು ಓದಿ, ಕನ್ನಡಕ ಹಣೆಗೇರಿಸಿ, “ಹಂಗಾರ ಈ ಮಾತನ್ನ ಖರೆ ಮಾಡೋದು ನಮ್ಮ ಕೆಲಸ” ಅಂದರು.

ಬಹುತೇಕ ಖರೆ ಮಾಡಿಯೂ ಮಾಡಿದರು. ಕಾಯಿಲೆ ಬಿದ್ದ ಮೇಲೆ ನಾನು ನೋಡಲು ಹೋಗಿದ್ದಾಗ ಕೊರಳಿನ ದಾರವನ್ನು ತಾವೇ ಬಿಚ್ಚಿ ನನ್ನ ಕೈಗೆ ಕೊಟ್ಟರು, ಬಟ್ಟೆಯಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನೂ ಒಯ್ಯಲು ಹೇಳಿದರು. ಕೈ ಸಣಕಲಾಗಿತ್ತು, ಹಿಡಿತ ಮಾತ್ರ ಹಾಗೇ ಇತ್ತು. ಹಂಪಸಾಗರದ ಆಚೆಯ ಹುಡುಗಿ ಒಬ್ಬಳು ಉಳಿದಳು ಅಂದರು. ಮೊದಲ ಸಲ ಪೆಟ್ಟಿಗೆ ತೆಗೆದುಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಅಪ್ಪ ಅವ್ವ ಮಕ್ಕಳನ್ನು ಕರೆದುಕೊಂಡು ಕಟ್ಟಡದ ಕೆಲಸಕ್ಕೆ ಮಂಗಳೂರು ಕಡೆ ಹೋಗಿಬಿಟ್ಟಿದ್ದರು. ಆಮೇಲೆ ಎಷ್ಟು ಸಲ ಹೋದರೂ ಅಜ್ಜಿ ಒಬ್ಬಳೇ. ನೀನು ಹೋಗಿ ಬಾ ಅಂದರು. ಅವರು ನನ್ನ ಹತ್ತಿರ ಕೇಳಿದ್ದು ಅದೊಂದೇ.

ಈಗ ಮತ್ತೆ ಆ ಸಭೆಗೆ ಬರುತ್ತೇನೆ. ಅಕ್ಕೋರ ಹೆಸರಿನಲ್ಲಿ ಪ್ರತಿ ವರ್ಷ ಒಬ್ಬ ಸಂಶೋಧಕರಿಗೆ ಪ್ರಶಸ್ತಿ ಕೊಡುತ್ತಾರಂತೆ. ಪ್ರಶಸ್ತಿಯ ಹಣ ಅದೇ ಕಂಪನಿಯದು. ಜನ ಚಪ್ಪಾಳೆ ತಟ್ಟಿದರು. ಸಭೆ ಮುಗಿದು ಎಲ್ಲರೂ ಚಹಾದ ಕಡೆ ಹೋದಾಗ ನಾನು ನಿರ್ದೇಶಕರ ಹತ್ತಿರ ಹೋಗಿ ಪೆಟ್ಟಿಗೆ ತೋರಿಸಿ, ಇದರ ಸರಿಯಾದ ಕೀಲಿಕೈ ಎಲ್ಲಿ ಸರ್ ಅಂದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ.

“ಎಲ್ಲೋ ಕಳೆದುಹೋಗಿದೆಯಮ್ಮ. ತೋರಿಸೋಕೆ ಇಷ್ಟು ಸಾಕಲ್ವಾ?”

ಸಾಕು, ಅವರಿಗೆ ಯಾವತ್ತೂ ಇಷ್ಟು ಸಾಕಾಗಿತ್ತು. ಕೀಲಿಕೈ ನನ್ನ ಪರ್ಸಿನಲ್ಲಿತ್ತು. ತೆಗೆದು ಅವರ ಮುಖದ ಮುಂದೆ ಹಿಡಿಯಬಹುದಿತ್ತು. ಆದರೆ ಅದು ಅವರಿಗಾಗಿ ಮಾಡಿದ ಕೀಲಿಕೈಯಲ್ಲ. ಚಹಾ ಕುಡಿಯದೆ ಹೊರಗೆ ಬಂದೆ.

ಆ ಶನಿವಾರವೇ ಹಂಪಸಾಗರದ ಬಸ್ಸು ಹತ್ತಿದೆ. ಮನೆಯವರು ಊರಿಗೆ ವಾಪಸ್ ಬಂದಿದ್ದರು. ಅಜ್ಜಿ ಇನ್ನೂ ಇದ್ದಾಳೆ, ಕಣ್ಣು ಮಂಜು. ಹುಡುಗಿ ಬೆಳೆದು ತಾಯಿಯಷ್ಟು ಎತ್ತರವಾಗಿದ್ದಾಳೆ. ಏಳನೆಯ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿದರಂತೆ. ತಮ್ಮ ಹಳದಿ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಾನೆ. ಇದೆಲ್ಲ ಒಂದು ಪೆಟ್ಟಿಗೆಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಯಾವ ಪೆಟ್ಟಿಗೆಯೂ ಇಲ್ಲದೆ ಶಾಲೆ ಬಿಟ್ಟ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಆದರೆ ಈ ಮನೆಗೆ ಒಂದು ಕಾರಣ ಬೇಕಿತ್ತು, ಆ ಕಾರಣವನ್ನು ಜೀಪಿನಲ್ಲಿ ತಂದು ಬಾಗಿಲಿಗೆ ಕೊಟ್ಟವರು ನಾವು.

ಅಕ್ಕೋರ ಕ್ರಮದಂತೆ ಹೊರಗೇ ನಿಂತು ಹುಡುಗಿಯನ್ನೇ ಕೇಳಿದೆ. ಮರುದಿನ ಮತ್ತೆ ಹೋದೆ. ಹೂಂ ಅಂದಳು. ಪಡಸಾಲೆಯಲ್ಲಿ ಕುಳಿತು ಪೆಟ್ಟಿಗೆಯನ್ನು ಇಬ್ಬರ ನಡುವೆ ಇಟ್ಟೆ, ಕೀಲಿಕೈಯನ್ನು ಅವಳ ಮುಂದೆ ಇಟ್ಟೆ. ಆ ದಿನದ ನೆನಪು ಅವಳಿಗೆ ಇರಲಿಲ್ಲ. ಮನೆಯವರು ಹೇಳಿದ್ದು ಮಾತ್ರ ಗೊತ್ತಿತ್ತು. ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು, “ನನಗ ಬರಂಗಿಲ್ರಿ ಅಕ್ಕೋರ. ನೀವಾ ತೆಗೀರಿ” ಅಂದಳು. ತಾಯಿ ಚಹಾ ತಂದಿಟ್ಟಳು. ಆಮೇಲೆ ಕುಡಿಯುತ್ತೇನೆ ಅಂದೆ. ಆಕೆಗೆ ಬೇಸರವಾಯಿತು, ಆರುತ್ತದೆ ಅಂದಳು. ಅಜ್ಜಿ ಗೋಡೆಗೊರಗಿ ನಮ್ಮ ಕಡೆ ಕಿವಿಗೊಟ್ಟಿದ್ದಳು.

ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಹುಡುಗಿ ಕೈ ಚಾಚಿ ಕೀಲಿಕೈ ಎತ್ತಿಕೊಂಡಳು, ಬೀಗಕ್ಕೆ ಹಾಕಿದಳು. ಅದು ಒಂದೇ ತಿರುವಿಗೆ ತೆರೆಯಿತು. ಅವಳು ಬಸ್ಸನ್ನು ಹೊರಗೆ ತೆಗೆದು ಗಾಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದಳು.

“ಇಷ್ಟ ಏನ್ರಿ?” ಅಂದಳು. ಆಮೇಲೆ, “ಅವತ್ತ ಈ ಕೀಲಿಕೈ ಯಾಕ ಕೊಡ್ಲಿಲ್ರಿ?” ಅಂತ ಕೇಳಿದಳು.

ಅವಳಿಗೆ ಇನ್ನೊಂದು ಸುಳ್ಳು ಹೇಳಬಾರದಿತ್ತು. “ಅದಕ್ಕ ರೊಕ್ಕ ಇಟ್ಟಿರ್ಲಿಲ್ಲವ್ವ” ಅಂದೆ.

ಅವಳು ಕೀಲಿಕೈಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಕೀಲಿಕೈ ನಿಮ್ಮ ಹತ್ರಾನ ಇತ್ತಲ್ರಿ?”

ಪೆಟ್ಟಿಗೆ ತೆರೆದಿತ್ತು. ಕ್ರಮದ ಪ್ರಕಾರ ಇನ್ನು ಚಹಾ ಕುಡಿಯಬಹುದಿತ್ತು. ಲೋಟ ಎತ್ತಿಕೊಂಡೆ, ಕುಡಿಯದೆ ಮತ್ತೆ ಕೆಳಗಿಟ್ಟೆ.